ಪಟ್ಟಿ ಊರವರ ಕೈಗೆ ಹೋದ ಮೇಲೆ

ಯಾವ ಕುಟುಂಬಗಳಿಗೆ ನೆರವು ಸಿಗಬೇಕು ಎಂಬ ಪಟ್ಟಿಯನ್ನು ಊರವರಿಗೆ ಬಿಟ್ಟುಕೊಟ್ಟರೆ ಉಳ್ಳವರ ನೆಂಟರೇ ತುಂಬಿಕೊಳ್ಳುತ್ತಾರೆ ಎಂದು ನಮ್ಮ ನೆರವು ಸಂಸ್ಥೆಯ ಮುಖ್ಯ ಕಚೇರಿಯವರು ಕೊನೆಯವರೆಗೂ ವಾದಿಸಿದರು. ಈ ಸಲದ ಲೆಕ್ಕಪರಿಶೋಧನೆ ಮುಗಿದ ಮೇಲೆ ಅವರ ಸದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆ ಟ್ಯಾಬ್ಲೆಟ್ ಹಿಡಿದ ಗಣತಿದಾರರು ಬಂದು ಪಟ್ಟಿ ಬರೆದುಕೊಂಡು ಹೋಗುತ್ತಿದ್ದರು. ನೆರವಿನ ಸಾಮಾನಿನ ಕಿಟ್‌ಗಳು ಕಸ್ಟಮ್ಸ್ ದಾಟುವ ಹೊತ್ತಿಗೆ ಪಟ್ಟಿಯಲ್ಲಿದ್ದ ಎಷ್ಟೋ ಕುಟುಂಬಗಳು ಜಾಗ ಬದಲಿಸಿರುತ್ತಿದ್ದವು. ಮನೆಗೊಂದು ಕಿಟ್ ಎಂಬ ಲೆಕ್ಕದಲ್ಲಿ ಹನ್ನೊಂದು ಜನರಿದ್ದ ಮನೆಗೂ ಒಂದೇ, ಇಬ್ಬರಿದ್ದ ಮನೆಗೂ ಒಂದೇ. ಸೆಖೆಯಲ್ಲಿ ಕೊಟ್ಟ ಕಂಬಳಿಗಳು ಅರ್ಧ ಬೆಲೆಗೆ ಸಂತೆ ಸೇರಿದವು.

ನಗದಿಗೆ ಬದಲಾದೆವು. ಭಯೋತ್ಪಾದನೆ ತಡೆಯ ತಪಾಸಣೆಯ ನೆಪದಲ್ಲಿ ಬ್ಯಾಂಕು ವಾರಗಟ್ಟಲೆ ಹಣ ಹಿಡಿದಿಟ್ಟಿತು. ಅಲ್ಲಿಯವರೆಗೆ ನಮ್ಮ ಜೊತೆ ಊರಲ್ಲಿ ಕೆಲಸ ಮಾಡುವ ಸ್ಥಳೀಯ ಸಂಸ್ಥೆ ಸಾಲ ಮಾಡಿ ಸಂಬಳ ಕೊಟ್ಟಿತು. ಬಡ್ಡಿಯನ್ನು ಯಾವ ದಾನಿಯೂ ಒಪ್ಪಲಿಲ್ಲ. ದಾನಿಗಳು ಸಾಮಾನ್ಯವಾಗಿ ಕೊಡುವ ಶೇ. 7ರ ಆಸುಪಾಸಿನ ಆಡಳಿತ ವೆಚ್ಚ ಹಣವನ್ನು ಮೊದಲು ಪಡೆಯುವ ಮೇಲಿನ ಸಂಸ್ಥೆಯಲ್ಲೇ ಇಂಗಿಹೋಗುತ್ತದೆ, ಕೆಳಗಿನವರಿಗೆ ಕಚೇರಿಯ ಬಾಡಿಗೆಯೂ ಹುಟ್ಟುವುದಿಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದಾನಿಗಳು ಮತ್ತು ನೆರವು ಸಂಸ್ಥೆಗಳ ನಡುವಿನ 'ಗ್ರ್ಯಾಂಡ್ ಬಾರ್ಗೇನ್' ಒಪ್ಪಂದಕ್ಕೆ ಸಹಿ ಹಾಕಿದವರು 2020ರೊಳಗೆ ಶೇ. 25ರಷ್ಟು ಹಣ ಆದಷ್ಟು ನೇರವಾಗಿ ಸ್ಥಳೀಯರಿಗೆ ಎಂದಿದ್ದರು. ಒಟ್ಟಾರೆ ನೋಡಿದರೆ ಅದರ ಹತ್ತಿರವೂ ಸುಳಿಯಲಿಲ್ಲ.

ಕೆಲಸಕ್ಕೆ ಬಂದದ್ದು ಪಟ್ಟಿಯನ್ನು ಬಯಲಿನಲ್ಲಿ ಗಟ್ಟಿಯಾಗಿ ಓದಿದ್ದು. ಮೊದಲ ಓದಿಗೆ ದನಿ ಇದ್ದವರಷ್ಟೇ ಮಾತನಾಡಿದರು, ಹೆಂಗಸರು ಹಿಂದೆಯೇ ಉಳಿದರು. ಎರಡನೆಯ ಓದನ್ನು ನಲ್ಲಿಯ ಬಳಿ ಇಟ್ಟೆವು. ಪರಿಹಾರ ಕೆಲಸದ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡದಂತೆ ಒಂದು ನಲ್ಲಿಗೆ 250 ಜನ. ಹಾಗಾಗಿ ಕರೆಯದೆಯೇ ಸಭೆ ಕೂಡಿತು. ಶಾಲೆಯ ಮೇಷ್ಟರು ಪ್ರತಿ ಹೆಸರಿನ ಪಕ್ಕ ಆಕ್ಷೇಪವನ್ನು ಪೆನ್ಸಿಲ್‌ನಲ್ಲಿ ಬರೆದರು. 'ಒಂದೇ ಸೂರು, ಆದರೆ ಒಲೆ ಎರಡು' ಎಂದು ಕೊಡ ಇಳಿಸುತ್ತಲೇ ಒಬ್ಬಳು ಹೇಳಿದಳು. ಒಂದೇ ಮನೆಯೆಂದು ಬರೆದಿದ್ದ ಇಬ್ಬರು ವಿಧವೆಯರು ಎರಡು ಕುಟುಂಬಗಳಾದರು. ಆರರಲ್ಲಿ ಒಂದರಷ್ಟು ಹೆಸರು ಹೋದವು, ಹೆಚ್ಚುಕಡಿಮೆ ಅಷ್ಟೇ ಹೊಸದಾಗಿ ಬಂದವು. ಯಾರ ಹೆಸರಿನಿಂದ ಓದು ಶುರುಮಾಡಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆದರೆ ಕೆಡುತ್ತದೆ.

ನಡುವೆ ದೂರು ಪೆಟ್ಟಿಗೆಯನ್ನೂ ಇಟ್ಟು ನೋಡಿದೆವು. ಅದರಲ್ಲಿ ಬಿದ್ದದ್ದು ಬಹುಪಾಲು ಕೆಲಸ ಕೇಳುವ ಅರ್ಜಿಗಳು. ಪೆಟ್ಟಿಗೆ ತೆಗೆದು ಅಲ್ಲಿ ಸೂಲಗಿತ್ತಿಯೊಬ್ಬರನ್ನು ಕೂರಿಸಿದ ಮೇಲೆ ನಿಜವಾದ ದೂರುಗಳು ಬಂದವು: ಗಂಡನ ಸಿಮ್‌ಗೆ ಹೋದ ಹಣ, ಹಣ ಪಡೆಯುವ ಟೋಕನ್‌ಗೆ ಕಮಿಷನ್ ಕೇಳಿದ ಏಜೆಂಟ್. ಟೋಕನ್ ಮೇಲೆ ಮೊತ್ತವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರಿಂದ ಕಮಿಷನ್ ಅರ್ಧಕ್ಕಿಳಿಯಿತು, ಪೂರ್ತಿ ನಿಲ್ಲಲಿಲ್ಲ.

ಲೆಕ್ಕಪರಿಶೋಧಕರು ಈಗ ಟ್ಯಾಬ್ಲೆಟ್‌ನ ಕಡತಕ್ಕಿಂತ ಮೊದಲು ಪೆನ್ಸಿಲ್ ಗುರುತಿನ ಹಾಳೆಗಳನ್ನು ಕೇಳುತ್ತಾರೆ. ಮುಂದಿನ ಒಪ್ಪಂದದ ಕರಡಿನಲ್ಲಿ ಆಡಳಿತ ವೆಚ್ಚದ ಅರ್ಧ ಭಾಗ ಸ್ಥಳೀಯ ಸಂಸ್ಥೆಗೆ ಎಂದು ಸೇರಿಸಿದ್ದೇನೆ. ಸಹಿ ಇನ್ನೂ ಬಿದ್ದಿಲ್ಲ.