ಕರೆಂಟೂ ಇಲ್ಲ, ರೇಂಜೂ ಇಲ್ಲ: ಕಾಲೇಜಿನ ಆನ್‌ಲೈನ್ ಪಾಠ ಹೇಗೆ ಮಾಡುವುದು?

ಜುಲೈ ತಿಂಗಳಲ್ಲಿ ಕೊಡಗಿನ ಯಾವುದೇ ಕಾಲೇಜಿನ ವಾಟ್ಸಾಪ್ ಗ್ರೂಪ್ ತೆರೆದು ನೋಡಿ. ಬೆಳಗಾಗುವ ಮೊದಲೇ "ಇವತ್ತು ರಜೆನಾ ಸಾರ್?" ಅಂತ ಒಂದರ ಹಿಂದೆ ಒಂದು ಮೆಸೇಜ್. ಆಮೇಲೆ ರಜೆಯ ಆದೇಶದ ಫೋಟೊ. ಅದರ ಬೆನ್ನಿಗೇ ಯಾರೋ ಮೇಷ್ಟ್ರು ಗೂಗಲ್ ಮೀಟ್ ಲಿಂಕ್ ಹಾಕುತ್ತಾರೆ: "11 ಗಂಟೆಗೆ ಆನ್‌ಲೈನ್ ಕ್ಲಾಸ್, ಎಲ್ಲರೂ ಸೇರಿಕೊಳ್ಳಿ."

ಎಲ್ಲರೂ ಹೇಗೆ ಸೇರುವುದು? ಭಾಗಮಂಡಲದ ಕಡೆ ಮರ ಬಿದ್ದು ಲೈನ್ ತುಂಡಾಗಿರುತ್ತದೆ. ಕರೆಂಟ್ ಹೋಗಿ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಅಲ್ಲಿಗೆ ರೇಂಜೂ ಹೋಯಿತು. ಮಡಿಕೇರಿ, ಕುಶಾಲನಗರದ ಮಕ್ಕಳು ಕ್ಲಾಸಿಗೆ ಬರುತ್ತಾರೆ. ನಾಪೋಕ್ಲು ಆಚೆಯವರು, ಮಾಕುಟ್ಟದ ಕಡೆಯವರು ಬರುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ನಾವು ಸುಮ್ನೆ ಷರಾ ಬರೆದುಬಿಡುತ್ತೇವೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ನಮ್ಮ ಜಿಲ್ಲೆಯಲ್ಲಿ ಲೈವ್ ಕ್ಲಾಸನ್ನು ಪಟ್ಟಿಯ ಕೊನೆಗೆ ಹಾಕಿ. ರೇಂಜ್ ಸಿಕ್ಕ ಐದು ನಿಮಿಷದಲ್ಲಿ ಡೌನ್‌ಲೋಡ್ ಮಾಡಿಕೊಂಡು, ಮನೆಗೆ ಹೋಗಿ ನಿಧಾನಕ್ಕೆ ಕೇಳುವಂಥ ಪಾಠ ಮೊದಲು ತಯಾರಾಗಲಿ. ಇದಕ್ಕೆ ದುಡ್ಡು ಜಾಸ್ತಿ ಬೇಡ. ಒಂದು ಫೋನ್, ಒಂದು ಇಯರ್‌ಫೋನ್, ಸ್ವಲ್ಪ ತಯಾರಿ ಸಾಕು.

ಮೊದಲು ಕೇಳಿ, ಅದೂ ಕಾಗದದಲ್ಲಿ

ಯಾರಿಗೆ ನೆಟ್‌ವರ್ಕ್ ಇದೆ ಅಂತ ಗೂಗಲ್ ಫಾರ್ಮ್‌ನಲ್ಲಿ ಕೇಳಿದರೆ ನೆಟ್‌ವರ್ಕ್ ಇದ್ದವರು ಮಾತ್ರ ಉತ್ತರ ಕೊಡುತ್ತಾರೆ, ಅಲ್ವಾ? ಜೂನ್‌ನಲ್ಲಿ ಮಕ್ಕಳು ಕ್ಲಾಸಿನಲ್ಲಿ ಕೂತಿರುವಾಗಲೇ ಒಂದು ಚೀಟಿ ಕೊಟ್ಟು ಬರೆಸಿಕೊಳ್ಳಿ. ಫೋನ್ ಇದೆಯಾ ಅಂತ ಕೇಳಬೇಡಿ, ಫೋನ್ ಯಾರದು ಅಂತ ಕೇಳಿ. ಅಪ್ಪನ ಫೋನ್ ಆದರೆ ಅದು ಸಂಜೆ ಮೇಲೆಯೇ ಕೈಗೆ ಸಿಗುವುದು. ಮನೆಯಲ್ಲಿ ರೇಂಜ್ ಸಿಗುತ್ತದಾ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು, ಯಾವ ಸಿಮ್, ಮಳೆಗಾಲದಲ್ಲಿ ಕರೆಂಟ್ ಎಷ್ಟು ದಿನ ಹೋಗುತ್ತದೆ, ಪೇಟೆಗೆ ವಾರದಲ್ಲಿ ಯಾವಾಗ ಬರುತ್ತೀರಿ ಅಂತಲೂ ಕೇಳಿ. ಕೊನೆಯ ಪ್ರಶ್ನೆಯೇ ಮುಖ್ಯ. ಸೋಮವಾರ ಸಂತೆಗೆ ಬರುವ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಡೀ ವಾರದ ಪಾಠ ಇಳಿಸಿಕೊಳ್ಳಬಹುದು, ಆದರೆ ಭಾನುವಾರ ರಾತ್ರಿಯೊಳಗೆ ಅದು ಗ್ರೂಪಿನಲ್ಲಿ ಇರಬೇಕು.

ಆಡಿಯೊ, ಜೊತೆಗೊಂದು ಪಿಡಿಎಫ್

ಒಂದು ಲೆಕ್ಕ ನೋಡಿ. ಸೆಕೆಂಡಿಗೆ 500 ಕಿಲೊಬಿಟ್ ತಿನ್ನುವ ಸಾಧಾರಣ ವಿಡಿಯೊ 8 ನಿಮಿಷಕ್ಕೆ ಸುಮಾರು 30 ಎಂಬಿ ಆಗುತ್ತದೆ. ಅದೇ ಪಾಠ 32 ಕಿಲೊಬಿಟ್‌ನ ಆಡಿಯೊ ಆದರೆ 2 ಎಂಬಿಯೊಳಗೆ ಮುಗಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಲು ಅಷ್ಟು ಸಾಕು. ಬೋರ್ಡಿನಲ್ಲಿ ಬರೆಯುವುದನ್ನು ಮೂರ್ನಾಲ್ಕು ಪುಟದ ಪಿಡಿಎಫ್ ಮಾಡಿ, "ಈಗ ಎರಡನೇ ಪುಟದ ಕೋಷ್ಟಕ ನೋಡಿ" ಅಂತ ಆಡಿಯೊದಲ್ಲಿ ಹೇಳುತ್ತಾ ಹೋಗಿ. ಕೈ ಚಲನೆ ತೋರಿಸಲೇಬೇಕಾದ ಕಡೆ, ಅಂದರೆ ಲ್ಯಾಬ್ ಪ್ರಯೋಗ, ಚಿತ್ರ ಬಿಡಿಸುವುದು, ಸಾಫ್ಟ್‌ವೇರ್ ಕಲಿಸುವುದು ಇಂಥದ್ದಕ್ಕೆ ಮಾತ್ರ ವಿಡಿಯೊ ಇರಲಿ.

ಉದ್ದದ ವಿಚಾರ. ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿ ವಿದ್ಯಾರ್ಥಿಗಳು ವಿಡಿಯೊ ನೋಡಿದ 69 ಲಕ್ಷ ಸಲದ ದಾಖಲೆಯನ್ನು ಫಿಲಿಪ್ ಗುವೊ ಮತ್ತು ಸಂಗಡಿಗರು ಜಾಲಾಡಿ 2014ರಲ್ಲಿ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡುತ್ತಿದ್ದದ್ದು 6 ನಿಮಿಷದೊಳಗೆ. 50 ನಿಮಿಷದ ಪೀರಿಯಡ್ಡನ್ನು ಹಾಗೇ ರೆಕಾರ್ಡ್ ಮಾಡಿ ಹಾಕಿದರೆ ಅದು ಫೋನಿನ ಜಾಗ ತಿನ್ನುತ್ತದೆ, ಅಷ್ಟೇ. ಒಂದು ಫೈಲಿಗೆ ಒಂದೇ ವಿಷಯ ಇಟ್ಟುಕೊಳ್ಳಿ.

ರೆಕಾರ್ಡ್ ಮಾಡುವಾಗ ನಮ್ಮ ಕಡೆಯ ದೊಡ್ಡ ತೊಂದರೆ ಮಳೆಯ ಸದ್ದು. ಹಂಚಿನ ಮನೆಯಾದರೆ ಪರವಾಗಿಲ್ಲ, ಶೀಟ್ ಹಾಕಿದ ಮನೆಯಾದರೆ ಮುಗಿಯಿತು. ಬಟ್ಟೆ ತುಂಬಿದ ಬೀರು ಇರುವ ಒಳಕೋಣೆಯಲ್ಲಿ ಕೂತು, ಇಯರ್‌ಫೋನಿನ ಮೈಕ್ ಬಾಯಿಗೆ ಹತ್ತಿರ ಹಿಡಿದು, ಅರ್ಧ ನಿಮಿಷ ಮಾತಾಡಿ ಕೇಳಿ ನೋಡಿ. ಫ್ಯಾನ್ ಆಫ್ ಮಾಡಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಫ್ಯಾನ್ ಯಾಕೆ ಬೇಕು ಅನ್ನುತ್ತೀರಾ? ಬಟ್ಟೆ ಒಣಗಿಸಲು ಸ್ವಾಮಿ.

ಕನ್ನಡ ಮಾಧ್ಯಮದ ನೋಟ್ಸ್ ಹಂಚುವವರು ಇದನ್ನು ಗಮನಿಸಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಿದರೆ ಮಕ್ಕಳ ಫೋನಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲವೇ ಪಿಡಿಎಫ್ ಮಾಡಿಯೇ ಕಳಿಸಿ. ಯೂನಿಕೋಡ್ ಆದರೆ ಫೈಲಿನೊಳಗೆ ಪದ ಹುಡುಕಲೂ ಆಗುತ್ತದೆ. ಪುಟದ ಅಳತೆ ಎ5 ಇಟ್ಟು ಅಕ್ಷರ ದೊಡ್ಡದು ಮಾಡಿದರೆ ಫೋನಿನಲ್ಲಿ ಪದೇಪದೇ ಹಿಗ್ಗಿಸಿ ನೋಡುವ ಕಷ್ಟ ತಪ್ಪುತ್ತದೆ.

ತಲುಪಿಸುವುದು

ಗೂಗಲ್ ಕ್ಲಾಸ್‌ರೂಮ್ ಚೆನ್ನಾಗಿದೆ, ಪಾಠಗಳು ಸಾಲಾಗಿ ಒಂದೇ ಕಡೆ ಇರುತ್ತವೆ. ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವವರು ಇದ್ದರೆ ಕಾಲೇಜೇ ನಡೆಸಬಹುದಾದ ಪಾಠದ ತಾಣ ಮೂಡಲ್ ಇನ್ನೂ ಒಳ್ಳೆಯದು. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಳ್ಳಬಹುದು. ಮೇಷ್ಟ್ರು ಅನುಮತಿ ಕೊಟ್ಟಿದ್ದರೆ ಕ್ವಿಜ್ಜನ್ನೂ ಆಫ್‌ಲೈನ್‌ನಲ್ಲೇ ಬರೆದು, ರೇಂಜ್ ಬಂದಾಗ ಕಳಿಸಬಹುದು. ಆದರೆ ಮಕ್ಕಳು ನಿಜವಾಗಿ ತೆರೆಯುವುದು ವಾಟ್ಸಾಪ್. ಅದನ್ನೇ ಸರಿಯಾಗಿ ಬಳಸಿ. ಒಂದು ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಸೆಟ್ಟಿಂಗ್ ಇರಲಿ, ಅಲ್ಲಿ ಬರೀ ಪಾಠ. ಪ್ರಶ್ನೆ, ಹರಟೆ, ಗುಡ್ ಮಾರ್ನಿಂಗ್ ಹೂವುಗಳಿಗೆ ಇನ್ನೊಂದು ಗ್ರೂಪ್. ಫೈಲಿಗೆ ಕ್ರಮಸಂಖ್ಯೆ ಇಟ್ಟು ಹೆಸರು ಕೊಡಿ. ರೇಂಜ್ ಇರುವ ಗೆಳೆಯನ ಫೋನಿನಿಂದ ಆಂಡ್ರಾಯ್ಡ್‌ನ ಕ್ವಿಕ್ ಶೇರ್ ಮೂಲಕ ಇಂಟರ್‌ನೆಟ್ ಇಲ್ಲದೆಯೇ ಫೈಲ್ ದಾಟಿಸಬಹುದು ಅಂತ ಒಂದು ಸಲ ಕ್ಲಾಸಿನಲ್ಲೇ ತೋರಿಸಿಕೊಡಿ.

ಪ್ರಶ್ನೆ ಕೇಳದ ಪಾಠ ನಿಲ್ಲುವುದಿಲ್ಲ

ನನ್ನ ಮಟ್ಟಿಗೆ ಜಾಸ್ತಿ ಹೊತ್ತು ಕೊಡಬೇಕಾದ ಕೆಲಸ ಇದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. 5 ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ನೋಡಿದರೆ ನೆನಪಿನಿಂದ ಬರೆದವರು ಮುಂದಿದ್ದರು.

ಹಾಗಾಗಿ ಪ್ರತಿ ಆಡಿಯೊ ಜೊತೆ ಮೂರು ಪ್ರಶ್ನೆ ಕಳಿಸಿ. ಪ್ರಶ್ನೆ ಹೇಗಿರಬೇಕು? ಬಿ.ಕಾಂ. ಕ್ಲಾಸಿಗೆ ಡಿಪ್ರಿಸಿಯೇಷನ್, ಅಂದರೆ ಯಂತ್ರದ ಬೆಲೆ ವರ್ಷ ವರ್ಷ ಇಳಿಯುವ ಲೆಕ್ಕದ ಪಾಠ ಅಂದುಕೊಳ್ಳಿ. "ತೋಟಕ್ಕೆ 1,00,000 ರೂಪಾಯಿಗೆ ಕಾಫಿ ಪಲ್ಪರ್ ಯಂತ್ರ ತಂದರು. ವರ್ಷಕ್ಕೆ 10 ಪರ್ಸೆಂಟ್, ಡಬ್ಲ್ಯೂಡಿವಿ ಮೆಥಡ್. ಮೂರನೇ ವರ್ಷದ ಡಿಪ್ರಿಸಿಯೇಷನ್ ಎಷ್ಟು?" ಆಯ್ಕೆಗಳು 10,000, 9,000, 8,100. ಸರಿಯುತ್ತರ 8,100. ಡಬ್ಲ್ಯೂಡಿವಿಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ ಹಾಕಿ ಕಳೆಯುತ್ತಾರೆ. ಎರಡು ವರ್ಷ ಕಳೆದ ಮೇಲೆ ಉಳಿಯುವ ಬೆಲೆ 81,000, ಅದರ ಹತ್ತನೇ ಒಂದು ಭಾಗ. 10,000 ಅಂದವರು ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸ್ಟ್ರೈಟ್ ಲೈನ್ ಮೆಥಡ್‌ಗೆ ಜಾರಿದ್ದಾರೆ. 9,000 ಅಂದವರಿಗೆ ಮೆಥಡ್ ಗೊತ್ತು, ವರ್ಷ ಎಣಿಸುವುದರಲ್ಲಿ ಎಡವಿದ್ದಾರೆ. ತಪ್ಪು ಉತ್ತರವೇ ತಪ್ಪಿದ್ದೆಲ್ಲಿ ಅಂತ ಹೇಳುವ ಹಾಗೆ ಆಯ್ಕೆಗಳನ್ನು ಕೊಟ್ಟರೆ ಮುಂದಿನ ಆಡಿಯೊದಲ್ಲಿ ಏನು ಹೇಳಬೇಕು ಅಂತ ನಿಮಗೆ ತಾನಾಗಿ ಗೊತ್ತಾಗುತ್ತದೆ.

ಗೂಗಲ್ ಫಾರ್ಮ್‌ನಲ್ಲಿ ಉತ್ತರ ನೋಡಿಕೊಂಡು ಬೇರೆ ಬೇರೆ ಸೆಕ್ಷನ್ನಿಗೆ ಕಳಿಸುವ ಸೌಲಭ್ಯ ಇದೆ. 10,000 ಒತ್ತಿದವರಿಗೆ ಒಂದು ವಿವರಣೆ, 9,000 ಒತ್ತಿದವರಿಗೆ ಇನ್ನೊಂದು. ಒಂದು ಸಲ ಕೂತು ಮಾಡಿಟ್ಟರೆ ಮುಂದಿನ ವರ್ಷಕ್ಕೂ ಆಯಿತು. ನೆಟ್ ಇಲ್ಲದವರು "ರೋಲ್ ನಂಬರ್, 1ಸಿ, 2ಎ, 3ಬಿ" ಅಂತ ಎಸ್‌ಎಂಎಸ್ ಹಾಕಲಿ. ಇಂಟರ್‌ನೆಟ್ ಏಳದ ಒಂದೇ ಕಡ್ಡಿ ಸಿಗ್ನಲ್‌ನಲ್ಲೂ ಎಸ್‌ಎಂಎಸ್ ಹೋಗುತ್ತದೆ.

ಅಸೈನ್‌ಮೆಂಟ್ ವಿಷಯಕ್ಕೆ ಬಂದರೆ, ಚಾಟ್‌ಜಿಪಿಟಿಯಿಂದ ಇಳಿಸಿದ ಒಂದೇ ಥರದ ಪ್ರಬಂಧಗಳನ್ನು ಓದಿ ಸುಸ್ತಾಗಿದೆಯಾ? ಬರೆದು ಕಳಿಸಿ ಅನ್ನುವ ಬದಲು ಎರಡು ನಿಮಿಷ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ಓದಿ ಹೇಳುವವರು ದನಿಯಲ್ಲೇ ಗೊತ್ತಾಗುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮಾತಾಡುವ ಮಕ್ಕಳು ಇಂಗ್ಲಿಷ್‌ನಲ್ಲಿ ಬರೆಯಲು ಹೆದರುತ್ತಾರೆ. ಕನ್ನಡ ಇಂಗ್ಲಿಷ್ ಬೆರೆಸಿ ಮಾತಾಡಲು ಬಿಟ್ಟರೆ ಎಷ್ಟು ಅರ್ಥವಾಗಿದೆ ಅಂತ ನಮಗೂ ತಿಳಿಯುತ್ತದೆ. ನೀವು ಎಐ ಬಳಸಬಾರದು ಅಂತೇನಿಲ್ಲ. ಪ್ರಶ್ನೆಗಳ ಕರಡು ಮಾಡಲು ಚೆನ್ನಾಗಿದೆ, ಆದರೆ ಲೆಕ್ಕಗಳನ್ನು ನೀವೇ ಬಿಡಿಸಿ ನೋಡದೆ ಕಳಿಸಬೇಡಿ.

ಇರುವುದನ್ನೇ ಬಳಸಿ

ಎಲ್ಲ ಪಾಠವನ್ನೂ ನೀವೇ ತಯಾರಿಸಬೇಕಿಲ್ಲ. ಐಐಟಿಗಳ ವಿಡಿಯೊ ಪಾಠಗಳ ಎನ್‌ಪಿಟಿಇಎಲ್, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ತಾಣ, ವಿಜ್ಞಾನದವರಿಗೆ ವರ್ಚುವಲ್ ಲ್ಯಾಬ್ಸ್ ಎಲ್ಲ ಇವೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ, ಅಂದರೆ ತೆರೆಯ ಮೇಲೆ ಮಾಡುವ ಪ್ರಯೋಗಗಳಲ್ಲಿ, ಕೆಲವು ಕನ್ನಡದಲ್ಲೂ ಸಿಗುತ್ತವೆ, ಇಳಿಸಿಕೊಂಡು ನೆಟ್ ಇಲ್ಲದೆಯೂ ಓಡಿಸಬಹುದು. ಆದರೆ ಒಂದು ಗಂಟೆಯ ವಿಡಿಯೊ ಲಿಂಕ್ ಬಿಸಾಕಿ ಕೈತೊಳೆದುಕೊಳ್ಳಬೇಡಿ. "12ನೇ ನಿಮಿಷದಿಂದ 19ರವರೆಗೆ ನೋಡಿ, ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿ" ಅಂತ ಬರೆಯಿರಿ. ಪಾಠ ಹಾಕುವ ಸ್ವಯಂಪ್ರಭಾ ಟಿವಿ ಚಾನೆಲ್‌ಗಳು ಡಿಶ್‌ನಲ್ಲಿ ಉಚಿತ, ಆದರೆ ಜೋರು ಮಳೆಗೆ ಡಿಶ್ಶೂ ಕೈಕೊಡುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ.

ಲೈವ್ ಯಾವಾಗ?

ವಾರಕ್ಕೊಂದು ಸಲ, 40 ನಿಮಿಷ, ಬರೀ ಡೌಟ್ಸ್. ಉಚಿತ ಝೂಮ್ ಅಷ್ಟು ಹೊತ್ತಿಗೇ ನಿಲ್ಲುವುದು ಒಂಥರ ಒಳ್ಳೆಯದೇ. ಸಮಯ ಯಾವುದು ಅಂತ ಮಕ್ಕಳು ಕೊಟ್ಟ ಚೀಟಿ ನೋಡಿ ಇಡಿ, ಸಾಮಾನ್ಯವಾಗಿ ಸಂಜೆ ಮೇಲೆ. ಎಲ್ಲರ ಕ್ಯಾಮೆರಾ ಆಫ್ ಇರಲಿ, ನಿಮ್ಮದೂ. ಮಾತಾಡಲು ಆಗದವರು ಪ್ರಶ್ನೆಯನ್ನು ಮೊದಲೇ ಕಳಿಸಿರಲಿ, ಮುಗಿದ ಮೇಲೆ ಮುಖ್ಯ ಉತ್ತರಗಳನ್ನು ಒಂದು ಸಣ್ಣ ಆಡಿಯೊ ಮಾಡಿ ಪಾಠದ ಗ್ರೂಪಿಗೆ ಹಾಕಿ.

ಹಾಜರಿಯ ತಕರಾರು ಬಂದೇ ಬರುತ್ತದೆ. ಲೈವ್‌ಗೆ ಬಂದವರಿಗೆ ಮಾತ್ರ ಹಾಜರಿ ಅಂದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ವಾರದ ಪ್ರಶ್ನೆಗಳಿಗೆ ಉತ್ತರ ಕಳಿಸಿದವರಿಗೆ ಆ ವಾರದ ಹಾಜರಿ ಕೊಡುವುದು ನ್ಯಾಯ. ಇದನ್ನು ಮಳೆ ಹಿಡಿಯುವ ಮೊದಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಲಿಖಿತದಲ್ಲಿ ಪಡೆದುಕೊಂಡು, ನೋಟಿಸ್ ಬೋರ್ಡಿಗೂ ಹಾಕಿಸಿ. ಕರೆಂಟ್ ಬರುವುದು ತಡವಾದ ಊರಿನವರಿಗೆ ಉತ್ತರ ಕಳಿಸಲು ಇನ್ನೊಂದು ವಾರ ಹೆಚ್ಚಿಗೆ ಇದೆ ಅಂತ ಅದೇ ನೋಟಿಸಿನಲ್ಲಿ ಸೇರಿಸಿ.