ಡಿಎಸ್‌ಡಿ ಫೈಲ್ ಹಾಕಿದರೆ ಬರೀ ಸುಯ್ ಸದ್ದು: ಸರಿಹೋದದ್ದು ಹೀಗೆ

ಲಿನಕ್ಸ್ ಮ್ಯೂಸಿಕ್ ಸರ್ವರ್, ಅದರಲ್ಲಿ ಹಾಡು ನುಡಿಸುವ ಎಂಪಿಡಿ ತಂತ್ರಾಂಶ, ಡಿಜಿಟಲ್ ಸಂಕೇತವನ್ನು ಸದ್ದಿನ ಅನಲಾಗ್ ಸಂಕೇತವಾಗಿ ಬದಲಿಸುವ ಯುಎಸ್‌ಬಿ ಡ್ಯಾಕ್. ಫ್ಲ್ಯಾಕ್ ಫೈಲ್‌ಗಳು ಚೆನ್ನಾಗಿಯೇ ಬರುತ್ತಿದ್ದವು. ಡಿಎಸ್‌ಡಿ64 (1 ಬಿಟ್‌ನ ಡಿಎಸ್‌ಡಿ ಆಡಿಯೋ ವಿಧಾನದ ಮೂಲ ವೇಗದ ಫೈಲ್) ಹಾಕಿದರೆ ಮಾತ್ರ ಸುಯ್ ಎನ್ನುವ ಸದ್ದು, ಡ್ಯಾಕ್ ಪರದೆಯಲ್ಲಿ ಡಿಎಸ್‌ಡಿ ಬದಲು ಪಿಸಿಎಂ, ಅಂದರೆ ಮಾಮೂಲಿ ಡಿಜಿಟಲ್ ಆಡಿಯೋ ವಿಧಾನದ ಹೆಸರು.

ಯುಎಸ್‌ಬಿ ಕೇಬಲ್ ಬದಲಿಸಿದ್ದು, ಫೈಲ್ ಮತ್ತೆ ಕಾಪಿ ಮಾಡಿದ್ದು, ಬಫರ್ ಹೆಚ್ಚಿಸಿದ್ದು ಯಾವುದೂ ಉಪಯೋಗವಾಗಲಿಲ್ಲ. ಬಫರ್ ಕಡಿಮೆಯಾದರೆ ಹಾಡು ತುಂಡು ತುಂಡಾಗುತ್ತದೆ, ಹೀಗೆ ಸುಯ್ಗುಡುವುದಿಲ್ಲ.

ಡಿಓಪಿ (ಡಿಎಸ್‌ಡಿ ಓವರ್ ಪಿಸಿಎಂ) ವಿಧಾನದಲ್ಲಿ ಡಿಎಸ್‌ಡಿ64 ಅನ್ನು 24 ಬಿಟ್, 176.4 ಕಿಲೋಹರ್ಟ್ಸ್ ಪಿಸಿಎಂ ವೇಷದಲ್ಲಿ ಕಳಿಸುತ್ತಾರೆ. ಪ್ರತಿ ಸ್ಯಾಂಪಲ್‌ನ ಮೇಲಿನ 8 ಬಿಟ್ 'ಇದು ಡಿಎಸ್‌ಡಿ' ಎಂಬ ಗುರುತಿಗೆ ಮೀಸಲು. ದಾರಿಯಲ್ಲಿ ಯಾರಾದರೂ ವಾಲ್ಯೂಮ್ ಇಳಿಸಿದರೆ, ರೀಸ್ಯಾಂಪಲ್ ಮಾಡಿದರೆ (ಸ್ಯಾಂಪಲ್ ದರ ಬದಲಿಸಿದರೆ) ಗುರುತು ಅಳಿಸಿಹೋಗುತ್ತದೆ, ಡ್ಯಾಕ್ ಅದನ್ನು ಮಾಮೂಲಿ ಪಿಸಿಎಂ ಎಂದೇ ನುಡಿಸಿ ಸುಯ್ ಎನ್ನುತ್ತದೆ. ಇಲ್ಲಿ ಔಟ್‌ಪುಟ್ 'ಡಿಫಾಲ್ಟ್' ಡಿವೈಸ್‌ಗೆ ಹೋಗಿ, ಸೌಂಡ್ ಸರ್ವರ್ (ಎಲ್ಲ ಆ್ಯಪ್‌ಗಳ ಸದ್ದನ್ನು ಬೆರೆಸಿ ಕಳಿಸುವ ತಂತ್ರಾಂಶ) ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ಇಳಿಸುತ್ತಿತ್ತು.

ಮೊದಲು ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ತಗ್ಗಿಸಿ. ಮುಂದಿನ ಬದಲಾವಣೆ ಆದಮೇಲೆ ಸದ್ದು ಪೂರ್ಣ ಮಟ್ಟದಲ್ಲೇ ಹೊರಬರುತ್ತದೆ. ಆಮೇಲೆ ಸೌಂಡ್ ಸರ್ವರ್ ನಿಲ್ಲಿಸಿ, ಇಲ್ಲದಿದ್ದರೆ 'ಡಿವೈಸ್ ಬ್ಯುಸಿ' ಎನ್ನುತ್ತದೆ. ಎಂಪಿಡಿ ಕಾನ್ಫಿಗ್‌ನ ಆಲ್ಸಾ (ಲಿನಕ್ಸ್‌ನ ಸೌಂಡ್ ಡ್ರೈವರ್ ವ್ಯವಸ್ಥೆ) ಔಟ್‌ಪುಟ್ ಭಾಗದಲ್ಲಿ ಡಿವೈಸ್‌ಗೆ ನೇರ ಹಾರ್ಡ್‌ವೇರ್ ವಿಳಾಸ ಕೊಡಿ. ಕಾರ್ಡ್ ಸಂಖ್ಯೆ ಬೇಡ, ಹೆಸರು ಬರೆಯಿರಿ. ರೀಬೂಟ್ ಆದರೆ ಸಂಖ್ಯೆ ಅದಲುಬದಲಾಗಬಹುದು. ಡಿಓಪಿ 'ಯೆಸ್', ಮಿಕ್ಸರ್ ಟೈಪ್ 'ನನ್', ಆಟೋ ರೀಸ್ಯಾಂಪಲ್, ಆಟೋ ಫಾರ್ಮ್ಯಾಟ್, ಆಟೋ ಚಾನೆಲ್ಸ್ ಮೂರಕ್ಕೂ 'ನೋ'. ಹಾಡುಗಳ ಸದ್ದಿನ ಮಟ್ಟ ಸರಿದೂಗಿಸುವ ರೀಪ್ಲೇ ಗೇನ್ ಆಫ್. ಎಂಪಿಡಿ ರೀಸ್ಟಾರ್ಟ್ ಮಾಡಿ.

ಹಾಡು ಓಡುತ್ತಿರುವಾಗಲೇ ಆಲ್ಸಾದ ಹಾರ್ಡ್‌ವೇರ್ ಪ್ಯಾರಾಮ್ಸ್ (hw_params) ಫೈಲ್ ತೆರೆದು ರೇಟ್ ನೋಡಿ. ಡಿಎಸ್‌ಡಿ64ಕ್ಕೆ 176400, ಅದರ ದುಪ್ಪಟ್ಟು ವೇಗದ ಡಿಎಸ್‌ಡಿ128ಕ್ಕೆ 352800 ಇರಬೇಕು. 48000 ಕಂಡರೆ ಡಿವೈಸ್ ಸಾಲು ಇನ್ನೂ ತಪ್ಪಿದೆ.