ಬೆಂಗಳೂರಿನ ಮನೆಯಲ್ಲಿ ಗ್ಲಾಸ್ ಕ್ಯಾಟ್‌ಫಿಶ್ ಸಾಕುವ ಕ್ರಮ

ಥಾಯ್ಲೆಂಡ್‌ನ ನದಿಗಳಲ್ಲಿ ಗುಂಪಾಗಿ ಬಾಳುವ, ಬೆನ್ನುಮೂಳೆ ಹೊರಗೆ ಕಾಣುವಷ್ಟು ಪಾರದರ್ಶಕವಾದ ಈ ಪುಟ್ಟ ಮೀನನ್ನು 2013ರಲ್ಲಷ್ಟೇ ಕ್ರಿಪ್ಟಾಪ್ಟೆರಸ್ ವಿಟ್ರಿಯೋಲಸ್ ಎಂಬ ಪ್ರತ್ಯೇಕ ಪ್ರಭೇದವೆಂದು ವಿವರಿಸಲಾಯಿತು. ಒಂಟಿಯಾಗಿ ಇಟ್ಟರೆ ಇದು ಬೆದರಿ ಆಹಾರವನ್ನೇ ಬಿಡಬಹುದು. ಆದ್ದರಿಂದ ಕನಿಷ್ಠ ಆರು ಮೀನುಗಳಿಗೆ ಜಾಗವಿಲ್ಲದವರು ಇದನ್ನು ತರದಿರುವುದೇ ಒಳ್ಳೆಯದು.

ಮುಖ್ಯವಾದದ್ದು ನೀರು. ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಬೆರೆಸಿದ ನಂತರವೇ ಅದನ್ನು ತೊಟ್ಟಿಗೆ ತುಂಬಬೇಕು. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸಾಗಿರುವ ಕಾರಣ, ಮೆದು ನೀರನ್ನು ಬಯಸುವ ಈ ಮೀನಿಗಾಗಿ ಅದಕ್ಕೆ ಆರ್‌ಒ ನೀರನ್ನು ಸೇರಿಸಿ ಗಡಸುತನವನ್ನು ತಗ್ಗಿಸಬೇಕಾಗುತ್ತದೆ. ಹೊಸ ತೊಟ್ಟಿಯ ಫಿಲ್ಟರ್ ಕೆಲವು ವಾರ ಓಡಿ, ನೀರಿನ ಪರೀಕ್ಷೆಯಲ್ಲಿ ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯಕ್ಕೆ ಇಳಿದ ಮೇಲಷ್ಟೇ ಮೀನುಗಳನ್ನು ಬಿಡಬೇಕು. ಈ ವಿಷಯದಲ್ಲಿ ಅವಸರ ಸಲ್ಲದು.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ನೀರು ತಣ್ಣಗಾಗುವುದರಿಂದ ಹೀಟರ್ ಇಟ್ಟು ಸುಮಾರು 25 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಬೇಕು. ಗಿಡಗಳ ನೆರಳು, ಮಂದ ಬೆಳಕು ಮತ್ತು ಸೌಮ್ಯವಾದ ಹರಿವು ಇದಕ್ಕೆ ಹಿತ. ಡ್ಯಾಫ್ನಿಯಾ, ಆರ್ಟೀಮಿಯಾ ಎಂಬ ಪುಟ್ಟ ಜಲಜೀವಿಗಳಂತಹ ಸಣ್ಣ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಪಾರದರ್ಶಕ ಮೈ ಹಾಲಿನಂತೆ ಬೆಳ್ಳಗಾದರೆ ಅದು ಅನಾರೋಗ್ಯದ ಲಕ್ಷಣವಾದ್ದರಿಂದ ಕೂಡಲೇ ನೀರನ್ನು ಪರೀಕ್ಷಿಸಬೇಕು. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸಬೇಕೇ ಹೊರತು, ಹತ್ತಿರದ ಕೆರೆಗೆ ಎಂದಿಗೂ ಬಿಡಬಾರದು.